ಎನ್‌ಟಿಪಿ 4.2.8 ಬಿಲ್ಡ್ ಸ್ಕ್ರಿಪ್ಟ್, ಹಳೇ ಲಿನಕ್ಸ್ ಯಂತ್ರಗಳ ಮೇಲೆ: ದೀರ್ಘ ಬಳಕೆಯ ವಿಮರ್ಶೆ

ಬಳಕೆ: ಹಾಸನದ ಕಾಫಿ ಕ್ಯೂರಿಂಗ್ ಘಟಕ ಮತ್ತು ಮೂಡಿಗೆರೆ ಕಡೆಯ ತೋಟದ ಆಫೀಸುಗಳ ಹಳೇ ಡೆಸ್ಕ್‌ಟಾಪ್‌ಗಳಲ್ಲಿ, 4.2.8ರ ತಿದ್ದುಪಡಿ ಆವೃತ್ತಿಗಳಾದ ಪಿ15ರಿಂದ ಪಿ18ರವರೆಗೆ. ರೇಟಿಂಗ್: ಐದಕ್ಕೆ ನಾಲ್ಕು.

ತೂಕದ ಚೀಟಿಯ ಮೇಲೆ ಬೀಳುವ ಟೈಮೂ ಗೇಟಿನ ಸಿಸಿಟಿವಿ ಟೈಮೂ ತಾಳೆಯಾಗದಿದ್ದರೆ ಕೊಯ್ಲಿನ ದಿನಗಳಲ್ಲಿ ಯಾವ ಲೋಡು ಯಾವಾಗ ಬಂತೆಂದು ಹೇಳುವುದೇ ಕಷ್ಟ. ಯಂತ್ರ ಹಳೆಯದಾದರೂ ಅದರ ಗಡಿಯಾರ ಸರಿಯಿರಲೇಬೇಕು. ನೆಟ್ ಮೂಲಕ ಗಡಿಯಾರ ತಿದ್ದುವ ಸಾಫ್ಟ್‌ವೇರೇ ಎನ್‌ಟಿಪಿ, ಹಿನ್ನೆಲೆಯಲ್ಲಿ ಓಡುವ ಅದರ ಪ್ರೋಗ್ರಾಂ ಎನ್‌ಟಿಪಿಡಿ. ಅದನ್ನು ಮೂಲ ಕೋಡಿನಿಂದ ಆ ಯಂತ್ರದಲ್ಲೇ ಕಟ್ಟುವುದು (ಬಿಲ್ಡ್) ಈ ಸ್ಕ್ರಿಪ್ಟಿನ ಕೆಲಸ. ಆದರೆ ಬೆಂಬಲ ನಿಂತುಹೋದ ಲಿನಕ್ಸ್‌ಗಳಲ್ಲಿ ಎನ್‌ಟಿಪಿಡಿ 4.2.6ಕ್ಕೇ ನಿಂತಿರುತ್ತದೆ. ಅದರಲ್ಲಿ ಮಾನ್‌ಲಿಸ್ಟ್ ತೊಂದರೆ ಇದೆ: ಹೊರಗಿನವರು ಒಂದು ಪುಟ್ಟ ಪ್ರಶ್ನೆ ಕಳಿಸಿದರೆ 600 ವಿಳಾಸಗಳವರೆಗಿನ ಪಟ್ಟಿ ಉತ್ತರವಾಗಿ ಹೋಗುತ್ತದೆ. ಇದನ್ನೇ ಬಳಸಿ ಬೇರೆಯವರ ಮೇಲೆ ದಾಳಿ ಮಾಡುತ್ತಾರೆ. 2014ರ ಡಿಸೆಂಬರ್‌ನಲ್ಲಿ ಬಯಲಾದ ಬಫರ್ ಓವರ್‌ಫ್ಲೋ (ಮೆಮೊರಿಯ ಮಿತಿ ಮೀರಿ ಡೇಟಾ ಬರೆಸಿಕೊಳ್ಳುವ) ದೋಷಗಳು ಬೇರೆ. ಅವಕ್ಕೆ ಪರಿಹಾರ ಬಂದದ್ದೇ 4.2.8ರಲ್ಲಿ. ಪಿ18 ಬಂದದ್ದು 2024ರ ಮೇನಲ್ಲಿ.

ಸ್ಕ್ರಿಪ್ಟ್ ಮಾಡುವ ಕೆಲಸ ನೇರ. ಜಿಸಿಸಿ (ಕಂಪೈಲರ್), ಮೇಕ್ (ಕೋಡ್ ಕಟ್ಟುವ ಸಾಧನ), ಲಿಬ್‌ಕ್ಯಾಪ್ ಮತ್ತು ಓಪನ್‌ಎಸ್‌ಎಸ್‌ಎಲ್‌ನ ಡೆವ್ ಪ್ಯಾಕೇಜುಗಳು ಇವೆಯೇ ನೋಡುತ್ತದೆ, ಮೂಲ ಕೋಡಿನ ಟಾರ್ ಫೈಲ್ ಇಳಿಸಿ ಚೆಕ್‌ಸಮ್ (ಫೈಲು ಕೆಟ್ಟಿಲ್ಲವೆಂದು ತೋರಿಸುವ ಸಂಖ್ಯೆ) ತಾಳೆ ನೋಡುತ್ತದೆ, ಲಿನಕ್ಸ್‌ಕ್ಯಾಪ್ಸ್ ಆಯ್ಕೆ ಹಾಕಿ ಕಾನ್ಫಿಗರ್ ಮಾಡಿ ಮೇಕ್ ಮುಗಿಸುತ್ತದೆ. ಲಿನಕ್ಸ್‌ಕ್ಯಾಪ್ಸ್ ಬಿಟ್ಟರೆ ಎನ್‌ಟಿಪಿಡಿ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿಯೇ ಓಡಬೇಕಾಗುತ್ತದೆ, ಬಿಡಬೇಡಿ.

ಕೈಕೊಡುವುದು ಬಹುಪಾಲು ಒಂದೇ ಕಡೆ. ಗಡಿಯಾರ ಸರಿಮಾಡುವ ಸಾಫ್ಟ್‌ವೇರ್ ಕಟ್ಟಲು ಗಡಿಯಾರ ಮೊದಲೇ ಸುಮಾರಾಗಿ ಸರಿಯಿರಬೇಕು! ಮಲೆನಾಡಿನಲ್ಲಿ ಸಿಡಿಲಿಗೆ ಹೆದರಿ ಪ್ಲಗ್ ಕಿತ್ತಿಡುವುದು ವಾಡಿಕೆ. ಪ್ಲಗ್ ಇದ್ದಷ್ಟು ಹೊತ್ತು ಎಸ್‌ಎಂಪಿಎಸ್‌ನ (ಕಂಪ್ಯೂಟರಿನ ಪವರ್ ಸಪ್ಲೈ) ಸ್ಟ್ಯಾಂಡ್‌ಬೈ ಕರೆಂಟು ಗಡಿಯಾರ ನಡೆಸುತ್ತದೆ. ಕಿತ್ತರೆ ಹೊರೆಯೆಲ್ಲ ಮದರ್‌ಬೋರ್ಡಿನ ಸಿಆರ್2032 ಸೆಲ್ ಮೇಲೆ. ಸೆಲ್ ಸತ್ತರೆ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಕಾನ್ಫಿಗರ್ ಆರಂಭದಲ್ಲೇ ನಿಂತು, ಈಗ ತಾನೆ ಬರೆದ ಫೈಲು ಮೂಲ ಫೈಲುಗಳಿಗಿಂತ ಹಳೆಯದು, ಸಿಸ್ಟಮ್ ಗಡಿಯಾರ ನೋಡಿ ಎನ್ನುತ್ತದೆ. ಕಂಪೈಲರ್ ಕೆಟ್ಟಿದೆಯೆಂದು ಪ್ಯಾಕೇಜುಗಳನ್ನು ಕೆದಕುವುದು ಬೇಡ. ಸೆಲ್ ಬದಲಿಸಿ (3 ವೋಲ್ಟಿನದು, ಯಾವ ವಾಚ್ ಅಂಗಡಿಯಲ್ಲೂ ಸಿಗುತ್ತದೆ), ಮೊಬೈಲ್ ನೋಡಿ ಡೇಟ್ -ಎಸ್‌ನಿಂದ ಟೈಮ್ ಹಾಕಿ, ಹೆಚ್‌ಡಬ್ಲ್ಯೂಕ್ಲಾಕ್ -ಡಬ್ಲ್ಯೂ ಕೊಟ್ಟು ಬಯಾಸ್‌ಗೂ (ಮದರ್‌ಬೋರ್ಡಿನ ಗಡಿಯಾರಕ್ಕೂ) ಬರೆಯಿರಿ. ಅರ್ಧ ಕಟ್ಟಿದ ಫೋಲ್ಡರನ್ನು ಅಳಿಸಿ ಟಾರ್ ಮತ್ತೆ ಬಿಚ್ಚಿ. ಇಲ್ಲದಿದ್ದರೆ ಹಳೇ ತಾರೀಕಿನ ಫೈಲುಗಳು ಮೇಕ್ ಅನ್ನು ದಾರಿ ತಪ್ಪಿಸುತ್ತವೆ. ಸ್ಕ್ರಿಪ್ಟ್ ಇದನ್ನು ಮೊದಲೇ ಪರೀಕ್ಷಿಸಬೇಕಿತ್ತು. ಒಂದು ಅಂಕ ಕಡಿಮೆ ಕೊಟ್ಟದ್ದು ಇದಕ್ಕೇ.

ಡೌನ್‌ಲೋಡ್ ಕೂಡ ಸೋಲಬಹುದು. ಓಪನ್‌ಎಸ್‌ಎಸ್‌ಎಲ್ 1.0.1ಕ್ಕಿಂತ ಹಳೆಯದಕ್ಕೆ ಟಿಎಲ್‌ಎಸ್ 1.2 (ಸುರಕ್ಷಿತ ಸಂಪರ್ಕದ ವಿಧಾನ) ಬರುವುದಿಲ್ಲ, ಇವತ್ತಿನ ಬಹಳಷ್ಟು ಸರ್ವರ್‌ಗಳು ಬಾಗಿಲು ತೆರೆಯುವುದಿಲ್ಲ. ಬೇರೆ ಯಂತ್ರದಲ್ಲಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ತನ್ನಿ, ಆದರೆ ಪೆನ್‌ಡ್ರೈವ್ ಒಳಗೇ ಬಿಲ್ಡ್ ಮಾಡಬೇಡಿ. ಫ್ಯಾಟ್ ಫಾರ್ಮ್ಯಾಟಿನಲ್ಲಿ ಲಿನಕ್ಸ್ ಪರ್ಮಿಷನ್, ಸಿಂಬಾಲಿಕ್ ಲಿಂಕ್ ಎರಡೂ ಉಳಿಯುವುದಿಲ್ಲ. ಹೋಮ್ ಫೋಲ್ಡರಿಗೆ ಕಾಪಿ ಮಾಡಿಕೊಳ್ಳಿ.

ಇನ್‌ಸ್ಟಾಲ್ ಆದಮೇಲೂ ಎಷ್ಟೋ ಯಂತ್ರಗಳಲ್ಲಿ ಓಡುತ್ತಿರುವುದು ಹಳೆಯದೇ. ಹೊಸದು ಯುಎಸ್‌ಆರ್ ಲೋಕಲ್ ಫೋಲ್ಡರಿನ ಕೆಳಗೆ ಕೂತಿರುತ್ತದೆ, ಯಂತ್ರ ಆನ್ ಆದಾಗ ಓಡುವ ಇನಿಟ್ ಸ್ಕ್ರಿಪ್ಟ್ ಮಾತ್ರ ಯುಎಸ್‌ಆರ್ ಎಸ್‌ಬಿನ್‌ನಲ್ಲಿರುವ 4.2.6ನ್ನೇ ಎಬ್ಬಿಸುತ್ತದೆ. ಎನ್‌ಟಿಪಿಡಿಯ ಸ್ಥಿತಿ ತೋರಿಸುವ ಎನ್‌ಟಿಪಿಕ್ಯೂ -ಸಿ ಆರ್‌ವಿ ಕಮಾಂಡ್ ಕೊಟ್ಟು ವರ್ಷನ್ ಸಾಲು ಓದಿ. 4.2.8 ಕಾಣದಿದ್ದರೆ ಇನಿಟ್ ಸ್ಕ್ರಿಪ್ಟಿನ ಪಾತ್ ತಿದ್ದಿ.

ನಂತರ ಎನ್‌ಟಿಪಿಕ್ಯೂ -ಪಿ ನೋಡುತ್ತಾ ಕೂರಿ. ಮೊದಲು .ಇನಿಟ್., ಸ್ಟ್ರಾಟಮ್ 16 ಎಂದಿರುತ್ತದೆ, ಅಂದರೆ ಸರ್ವರ್‌ನಿಂದ ಇನ್ನೂ ಉತ್ತರ ಬಂದಿಲ್ಲ. ರೀಚ್ ಕಾಲಮ್ಮಿನಲ್ಲಿ 1, 3, 7, 17, 37, 77, 177 ಎಂದು ಏರುತ್ತಾ 377ಕ್ಕೆ ಬಂದರೆ ಕೊನೆಯ ಎಂಟು ಸಲವೂ ಉತ್ತರ ಬಂದಿದೆ ಎಂದರ್ಥ (ಆಕ್ಟಲ್ ಸಂಖ್ಯೆ, ಹಾಗಾಗಿ ವಿಚಿತ್ರವಾಗಿ ಕಾಣುತ್ತದೆ). 64 ಸೆಕೆಂಡಿಗೊಂದರಂತೆ ಸುಮಾರು ಎಂಟೂವರೆ ನಿಮಿಷ. ಸಾಲಿನ ಮುಂದೆ ನಕ್ಷತ್ರ ಬಂದ ಸರ್ವರ್ ಅನ್ನು ನಿಮ್ಮ ಯಂತ್ರ ನಂಬಿದೆ. ಎಕ್ಸ್ ಬಂದದ್ದನ್ನು ಸುಳ್ಳೆಂದು ತಳ್ಳಿದೆ. ಈ ತೀರ್ಮಾನ ಸರಿಯಾಗಲು ನಾಲ್ಕು ಸರ್ವರ್‌ಗಳಾದರೂ ಬೇಕು. ನಮ್ಮ ಆಯ್ಕೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು, ಎನ್‌ಐಸಿಯ (ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ಕೇಂದ್ರ) ಸಮಯ್1 ಮತ್ತು ಸಮಯ್2, ಜೊತೆಗೆ ಭಾರತದ ಪೂಲ್ (ಸಾರ್ವಜನಿಕ ಟೈಮ್ ಸರ್ವರ್‌ಗಳ ಗುಂಪು).

ವಿಂಡೋಸ್ ಜೊತೆಗಿರುವ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಇನ್ನೊಂದು ಪೆಟ್ಟು. ವಿಂಡೋಸ್ ಬಯಾಸ್‌ನಲ್ಲಿ ನಮ್ಮ ಸ್ಥಳೀಯ ಟೈಮ್ ಬರೆಯುತ್ತದೆ, ಲಿನಕ್ಸ್ ಅದನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು ಓದುತ್ತದೆ. ಐದೂವರೆ ಗಂಟೆ, ಅಂದರೆ 19,800 ಸೆಕೆಂಡ್ ವ್ಯತ್ಯಾಸ. ಎನ್‌ಟಿಪಿಡಿ ಸಹಿಸುವುದು 1,000 ಸೆಕೆಂಡ್ ಮಾತ್ರ. ಮೀರಿದರೆ ಲಾಗ್‌ನಲ್ಲಿ ಒಂದು ಸಾಲು ಬರೆದು ನಿಂತುಬಿಡುತ್ತದೆ. -ಜಿ ಆಯ್ಕೆ ಕೊಟ್ಟರೆ ಶುರುವಿನಲ್ಲಿ ಒಂದು ಸಲ ಎಷ್ಟೇ ದೊಡ್ಡ ಜಿಗಿತಕ್ಕೂ ಒಪ್ಪುತ್ತದೆ.

ರೀಚ್ 0 ಬಿಟ್ಟು ಏಳದಿದ್ದರೆ ಎನ್‌ಟಿಪಿಡಿ ನಿಲ್ಲಿಸಿ ಎನ್‌ಟಿಪಿಡೇಟ್ -ಯು ಓಡಿಸಿ. ಇದು 123 ಬಿಟ್ಟು ಬೇರೆ ಪೋರ್ಟಿನಿಂದ ಹೊರಟು ಟೈಮ್ ಕೇಳುತ್ತದೆ. ಅದಕ್ಕೆ ಉತ್ತರ ಬಂದರೆ ದೋಷ ಬಿಲ್ಡ್‌ನಲ್ಲಿಲ್ಲ. ಎನ್‌ಟಿಪಿಡಿ ಹೊರಡುವುದೂ ಯುಡಿಪಿ ಪೋರ್ಟ್ 123ರಿಂದಲೇ, ರೂಟರ್ ಅಥವಾ ನೆಟ್ ಕೊಡುವವರು ಅದನ್ನು ತಡೆದಿರಬಹುದು.

ದಿನವಿಡೀ ಆನ್ ಇರುವ, ಕೇಬಲ್ ನೆಟ್ ಇರುವ ಯಂತ್ರಕ್ಕೆ ಈ ಬಿಲ್ಡ್ ಧಾರಾಳವಾಗಿ ಸಾಕು. ಮೊಬೈಲ್ ಹಾಟ್‌ಸ್ಪಾಟ್‌ನಿಂದ ದಿನಕ್ಕೆ ಒಂದೆರಡು ಗಂಟೆ ಮಾತ್ರ ನೆಟ್ ಕಾಣುವ ತೋಟದ ಆಫೀಸಿಗೆ ಮಾತ್ರ ಇದೇ ಕೆಲಸ ಮಾಡುವ ಕ್ರೋನಿ ಎಂಬ ಸಾಫ್ಟ್‌ವೇರ್ ಕಟ್ಟಿಕೊಳ್ಳಿ. ನೆಟ್ ಬಂದು ಹೋಗುವ ಕಡೆ ಅದು ಬೇಗ ಹಿಡಿತಕ್ಕೆ ಬರುತ್ತದೆ, ಹೊರಡುವ ಪೋರ್ಟ್ 123ಕ್ಕೆ ಅಂಟಿಕೊಂಡಿರುವುದಿಲ್ಲ. ಅದನ್ನು ಹಾಕುವಾಗ ಎನ್‌ಟಿಪಿಡಿಯನ್ನು ಪೂರ್ತಿ ನಿಲ್ಲಿಸಿ. ಒಂದೇ ಗಡಿಯಾರವನ್ನು ಎರಡೂ ತಿದ್ದಲು ಹೊರಟರೆ ಟೈಮ್ ಅತ್ತಿತ್ತ ಎಳೆದಾಡುತ್ತದೆ.