ಬಲ್ಬು ಹಿಡಿದ ಕೋತಿ, ಚನ್ನಪಟ್ಟಣದ ಲ್ಯಾಂಪು, ಮಂಕರಿ ದೀಪ: ಯಾವುದು ಮನೆಗೆ ಒಗ್ಗಿತು?

ಫೋಟೋದಲ್ಲಿ ಚೆಂದ ಕಾಣೋ ದೀಪಗಳನ್ನೆಲ್ಲ ನಮ್ಮ ಮನೆಯಲ್ಲಿ ಕೆಡಿಸುವುದು ಸೀಲಿಂಗ್ ಫ್ಯಾನು. ಇದನ್ನು ಅಲಂಕಾರದ ವಿಡಿಯೋ ಮಾಡುವವರು ಯಾರೂ ಹೇಳುವುದಿಲ್ಲ. ಅವರ ಮನೆಯಲ್ಲಿ ಫ್ಯಾನೇ ಇರುವುದಿಲ್ಲ. ಧೂಳೂ ಇಲ್ಲ. ಹಲ್ಲಿಯಂತೂ ಇಲ್ಲವೇ ಇಲ್ಲ.

ನಮ್ಮದು ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲಾಟು. ಹಾಲ್ ನಡುವೆ ಒಂದು ಫ್ಯಾನು, ಗೋಡೆಗೊಂದು ಟ್ಯೂಬ್‌ಲೈಟು, ಬಿಲ್ಡರ್ ಕೊಟ್ಟಿದ್ದು ಇಷ್ಟೇ. ಆ ಬಿಳಿ ಬೆಳಕಲ್ಲಿ ಮನೆ ನರ್ಸಿಂಗ್ ಹೋಮಿನ ವೇಟಿಂಗ್ ರೂಮ್ ಥರ ಕಾಣುತ್ತಿತ್ತು. ಹಾಗಾಗಿ ಒಂದೊಂದೇ ಅಲಂಕಾರದ ದೀಪ ಮನೆಗೆ ಬಂತು. ಕೆಲವು ಉಳಿದವು, ಕೆಲವು ಅಟ್ಟ ಸೇರಿದವು. ಯಾರೂ ದುಡ್ಡು ಕೊಟ್ಟು ಬರೆಸಿಲ್ಲ, ಎಲ್ಲ ನಮ್ಮದೇ ಕಾಸು. ಆದ್ದರಿಂದ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಮೊದಲು ಕೋತಿ. ಇಟಲಿಯ ಸೆಲೆಟ್ಟಿ ಕಂಪನಿಯ ಮಂಕಿ ಲ್ಯಾಂಪ್ ನೀವೂ ನೋಡಿರುತ್ತೀರಿ. ರೆಸಿನ್‌ನಲ್ಲಿ ಮಾಡಿದ ಕೋತಿ, ಕೈಯಲ್ಲಿ ಉರಿಯೋ ಬಲ್ಬು. ಕೂತಿರುವುದುಂಟು, ನಿಂತಿರುವುದುಂಟು, ಹಗ್ಗ ಹಿಡಿದು ಸೀಲಿಂಗ್‌ನಿಂದ ನೇತಾಡುವುದೂ ಉಂಟು. ಮಾರ್ಕಾಂಟೋನಿಯೋ ಎಂಬ ವಿನ್ಯಾಸಕಾರನ ಕೈಕೆಲಸ ಅದು. ಅಸಲಿಯ ಬೆಲೆ ಕೇಳಿದರೆ ಕೈಲಿರೋ ಬಲ್ಬನ್ನು ನಾವೇ ಬಿಟ್ಟುಬಿಡುತ್ತೇವೆ. ಆನ್‌ಲೈನ್‌ನಲ್ಲಿ ಅದರ ನಕಲುಗಳು ರಾಶಿ ರಾಶಿ ಇವೆ, ನಮ್ಮದೂ ಅಂಥದ್ದೇ. ಯಾವ ಅಂಗಡಿ ಅಂತ ಹೇಳುವುದಿಲ್ಲ. ಬಂದಾಗ ಒಂದು ಬೆರಳು ಮುರಿದಿತ್ತು, ಹೋಲ್ಡರ್ ಸಡಿಲವಾಗಿತ್ತು. ವೈರಂತೂ ಮೊಬೈಲ್ ಚಾರ್ಜರ್ ವೈರಿಗಿಂತ ತೆಳ್ಳಗಿತ್ತು. ಬದಲಾಯಿಸಿ ಕೊಡಿ ಅಂದರೆ, ಮುರಿದ ಬೆರಳಿನ ಫೋಟೋ ಕಳಿಸಿ ಅಂತ ಮತ್ತೆ ಮತ್ತೆ ಕೇಳಿ ಕೊನೆಗೆ ಸುಮ್ಮನಾದರು. ಕಡೆಗೆ ನಮ್ಮ ಎಲೆಕ್ಟ್ರಿಷಿಯನ್ನೇ ವೈರು, ಹೋಲ್ಡರು ಎರಡನ್ನೂ ಬದಲಾಯಿಸಿ ಕೊಟ್ಟ.

ಅತ್ತೆ ಮೈಸೂರಿನಿಂದ ಬಂದವರು ಅದನ್ನು ಒಂದು ಗಳಿಗೆ ನೋಡಿ, "ಆಂಜನೇಯನ ಕೈಗೆ ಬೆಟ್ಟ ಕೊಡೋದು ಬಿಟ್ಟು ಬಲ್ಬ್ ಯಾಕೆ ಕೊಟ್ಟಿದ್ದೀರಾ?" ಅಂದರು. ಆ ಶನಿವಾರ ಅದರ ತಲೆ ಮೇಲೆ ಒಂದು ಸೇವಂತಿಗೆ ಕೂತಿತ್ತು. ಈಗ ಅದನ್ನು ತೆಗೆಯುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ದೀಪವಾಗಿ ಹೇಗಿದೆ ಅಂದರೆ, ಸುಮಾರು. ಮುಚ್ಚಳವಿಲ್ಲದ ಬಲ್ಬು ಕಣ್ಣಿನ ಎತ್ತರಕ್ಕೇ ಬರುತ್ತದೆ, ಸೋಫಾದಲ್ಲಿ ಕೂತವರಿಗೆ ನೇರ ಕಣ್ಣಿಗೆ ಹೊಡೆಯುತ್ತದೆ. ಎತ್ತರದ ಕಪಾಟಿನ ಮೇಲಿಟ್ಟು ಸಣ್ಣ ಬಲ್ಬು ಹಾಕಿದ ಮೇಲೆ ಸಹಿಸಬಹುದು. ಮಕ್ಕಳಿಗೆ ಮಾತ್ರ ಭಾರೀ ಖುಷಿ.

ಬಲ್ಬಿನ ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕಂದರೆ ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಎಂಥ ಚೆಂದದ ಲ್ಯಾಂಪ್ ತಂದರೂ ಒಳಗೆ 6500 ಕೆಲ್ವಿನ್ನಿನ ಬಿಳಿ ಬಲ್ಬ್ ಹಾಕಿದರೆ ದುಡ್ಡು ದಂಡ. ಡಬ್ಬಿ ಮೇಲೆ 2700 ಅಥವಾ 3000 ಅಂತ ಇರಬೇಕು. ಅದು ಹಳದಿ ಬೆಳಕು, ಹಳೇ ಬುರುಡೆ ದೀಪದ್ದು. ಅಂಗಡಿಯಲ್ಲಿ "ವಾರ್ಮ್ ಕೊಡಿ" ಅಂದರೆ ಸಾಕು. ಆದರೂ ಡಬ್ಬಿ ನೋಡಿ ತಗೊಳ್ಳಿ. ವ್ಯಾಟ್ ಜಾಸ್ತಿ ಬೇಡ. 9 ವ್ಯಾಟ್ ಎಲ್‌ಇಡಿ ಅಂದರೆ ಹೆಚ್ಚುಕಡಿಮೆ ಹಳೇ 60 ವ್ಯಾಟ್ ಬಲ್ಬಿನಷ್ಟು ಬೆಳಕು. ಮೂಲೆಯಲ್ಲಿಡೋ ಲ್ಯಾಂಪಿಗೆ 4 ವ್ಯಾಟ್ ಧಾರಾಳ. ಇನ್ನೊಂದು ತಲೆನೋವು ಹೋಲ್ಡರ್. ನಮ್ಮ ಮನೆಗಳಲ್ಲಿ ಇರುವುದು ಪಿನ್ ಹೋಲ್ಡರ್, ಅಂದರೆ ಬಿ22. ಈ ಅಲಂಕಾರದ ಲ್ಯಾಂಪುಗಳಲ್ಲಿ ಬರುವುದು ಹೆಚ್ಚಾಗಿ ತಿರುಪಿನ ಇ27. ಮನೆಯಲ್ಲಿರೋ ಬಲ್ಬ್ ಇದಕ್ಕೆ ಕೂರುವುದಿಲ್ಲ, ರಾತ್ರಿ ಹೊತ್ತು ಬಲ್ಬು ಹೋದರೆ ಪಕ್ಕದ ದಿನಸಿ ಅಂಗಡಿಯಲ್ಲೂ ಸಿಗುವುದಿಲ್ಲ. ಬೆಂಗಳೂರಿನವರಾದರೆ ಬಿವಿಕೆ ಅಯ್ಯಂಗಾರ್ ರಸ್ತೆಗೆ ಹೋದಾಗ ನಾಲ್ಕು ಬಲ್ಬು ಹೆಚ್ಚಿಗೆ ತಂದಿಟ್ಟುಕೊಳ್ಳಿ. ಹಾಗೇ, ಮಂದ ಬೆಳಕು ಬೇಕು ಅಂತ ಮಾಮೂಲಿ ಎಲ್‌ಇಡಿಗೆ ಫ್ಯಾನ್ ರೆಗ್ಯುಲೇಟರ್ ಹಾಕಿಸಬೇಡಿ. ಮಿನುಗುತ್ತದೆ, ಗುಂಯ್ ಅನ್ನುತ್ತದೆ, ಬೇಗ ಸಾಯುತ್ತದೆ. ಡಿಮ್ಮರ್‌ಗೆ ಹೊಂದುವ ಬಲ್ಬೇ ಬೇರೆ ಬರುತ್ತದೆ.

ಈಗ ನನಗೆ ತುಂಬಾ ಇಷ್ಟವಾದದ್ದು, ಚನ್ನಪಟ್ಟಣದ ಟೇಬಲ್ ಲ್ಯಾಂಪು. ಚನ್ನಪಟ್ಟಣ ಅಂದರೆ ಬುಗುರಿ, ಗಿಲಕಿ, ತಲೆ ಆಡಿಸೋ ಗೊಂಬೆ ಅಂತಲೇ ನಮ್ಮ ತಲೆಯಲ್ಲಿ ಕೂತಿದೆ ಅಲ್ವಾ. ಆ ಗೊಂಬೆ ಮಾಡುವ ಲೇತಿನ, ಅಂದರೆ ಮರ ತಿರುಗಿಸೋ ಯಂತ್ರದ ಮೇಲೇ ಅವರು ಲ್ಯಾಂಪಿನ ಕಂಬ, ಪರದೆ ಕೊಕ್ಕೆ, ಬಾಗಿಲ ಹಿಡಿ, ಬಳೆ ಎಲ್ಲ ತಿರುವುತ್ತಾರೆ. 2023ರ ಮಾರ್ಚ್‌ನಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು ನೋಡಿ, ಅದು ಊರಿನ ಹೊರಗಿಂದಲೇ ಹಾದುಹೋಗುತ್ತದೆ. ಮೊದಲಾದರೆ ಮೈಸೂರಿಗೆ ಹೋಗುವವರು ಟೀ ಕುಡಿಯೋಕೆ ನಿಲ್ಲಿಸಿದಾಗ ಹಾಗೇ ಒಂದು ಗೊಂಬೆ ಕೊಳ್ಳುತ್ತಿದ್ದರು. ಈಗ ಬೇಕು ಅಂತಲೇ ಹಳೇ ರಸ್ತೆಗೆ ಇಳಿದು ಹೋಗಬೇಕು. ಹೋಗಿ. ಮೇಳಗಳಲ್ಲಿ ಸಿಗುವುದಕ್ಕಿಂತ ಜಾಸ್ತಿ ಬಗೆ ಅಲ್ಲಿ ಇವೆ, ಕೇಳಿದರೆ ಕೆಲಸ ಮಾಡುವ ಜಾಗವನ್ನೂ ತೋರಿಸುತ್ತಾರೆ.

ಆ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಆಲೆ ಮರದ ತುಂಡು, ಹೆಚ್ಚುಕಡಿಮೆ ಬೆಳ್ಳಗೆ, ಲೇತಿನಲ್ಲಿ ಗಿರ್ರನೆ ತಿರುಗುತ್ತಿರುತ್ತದೆ. ಉಳಿ ತಾಗಿಸಿದ ಕೂಡಲೇ ಮರದ ಸುರುಳಿ ಹಾರಿ ತೊಡೆ ಮೇಲೆ ಬೀಳುತ್ತದೆ. ಆಕಾರ ಬಂದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗೋ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಬ್ರಶ್ ಇಲ್ಲ, ಡಬ್ಬಿ ಬಣ್ಣ ಇಲ್ಲ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಒಣ ಎಲೆಯ ಗರಿಯೊಂದನ್ನು ಒತ್ತಿ ಎಳೆಯುತ್ತಾರೆ. ಅಷ್ಟು ಹೊತ್ತು ಮಂಕಾಗಿದ್ದ ಹಳದಿ ಅಲ್ಲೇ, ನಿಮ್ಮ ಕಣ್ಣೆದುರೇ, ಹೊಳೆಯೋಕೆ ಶುರು ಮಾಡುತ್ತದೆ. ನಮ್ಮ ಲ್ಯಾಂಪಿನ ಕಂಬ ನಾಲ್ಕು ಗುಂಡುಗಳನ್ನು ಒಂದರ ಮೇಲೊಂದು ಪೇರಿಸಿದ್ದು: ಅರಿಶಿನ, ಕುಂಕುಮ, ಎಲೆಹಸಿರು, ಮತ್ತೆ ಅರಿಶಿನ. ಹಸಿರಿಗೂ ಕೆಂಪಿಗೂ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಇದೆ. ಕೈಯಲ್ಲಿ ಸವರಿದರೂ ಗೊತ್ತಾಗುವುದಿಲ್ಲ, ಅಷ್ಟು ನುಣುಪು. ತಲೆ ಮೇಲೆ ಬಿಳಿ ಖಾದಿ ಬಟ್ಟೆಯ ಟೊಪ್ಪಿ. ಸಂಜೆ ಹಚ್ಚಿದರೆ ಮೇಲಿನ ಗುಂಡಿನ ಹೆಗಲ ಮೇಲೆ ಬೆಳಕು ಬಿದ್ದು ಅದೊಂದೇ ಹೊಳೆಯುತ್ತದೆ, ಕೆಳಗಿನವು ಮಂದವಾಗಿರುತ್ತವೆ.

ಕೊರತೆ ಇಲ್ಲವಾ? ಇದೆ. ಮರ ಹಗುರ, ಹಾಗಾಗಿ ಬುಡವೂ ಹಗುರ. ವೈರು ಕಾಲಿಗೆ ಸಿಕ್ಕಿದರೆ ಲ್ಯಾಂಪ್ ಮಗುಚಿಬೀಳುತ್ತದೆ. ನಾವು ಅಡಿಯಲ್ಲಿ ಕಬ್ಬಿಣದ ವಾಷರ್‌ಗಳನ್ನು ಅಂಟಿಸಿ ಮೇಲೆ ದಪ್ಪ ಬಟ್ಟೆ ಹಚ್ಚಿದ್ದೇವೆ, ಈಗ ಜಗ್ಗುವುದಿಲ್ಲ. ಇದನ್ನು ಮಾಡುವವರೇ ಮಾಡಿಕೊಟ್ಟರೆ ಇನ್ನೂರು ರೂಪಾಯಿ ಹೆಚ್ಚು ಕೊಡೋಕೆ ನಾನು ತಯಾರು. ಸ್ವಿಚ್ಚೂ ಅಷ್ಟಕ್ಕಷ್ಟೇ, ಪಟಪಟ ಅನ್ನೋ ತೆಳು ಪ್ಲಾಸ್ಟಿಕ್. ಇನ್ನು ಎರಡು ವಿಷಯ ಮರೆಯಬೇಡಿ. ಅರಗು ಬಿಸಿಗೆ ಮೆತ್ತಗಾಗುತ್ತದೆ, ಆದ್ದರಿಂದ ಹಳೇ ಬುರುಡೆ ಬಲ್ಬ್ ಹಾಕಲೇಬೇಡಿ, ಎಲ್‌ಇಡಿ ಮಾತ್ರ. ಹಾಗೇ ಸ್ಯಾನಿಟೈಸರ್, ಸ್ಪಿರಿಟ್ ಹಾಕಿ ಒರೆಸಿದರೆ ಹೊಳಪು ಹೋಗಿ ಬಣ್ಣ ಬಟ್ಟೆಗೆ ಬರುತ್ತದೆ. ಅರಗಿಗೂ ಆಲ್ಕೋಹಾಲಿಗೂ ಆಗಿಬರುವುದಿಲ್ಲ. ಒಣ ಮೆತ್ತನೆ ಬಟ್ಟೆ ಸಾಕು, ಮನೆಗೆಲಸಕ್ಕೆ ಬರುವವರಿಗೂ ಹೇಳಿಡಿ.

ತೊಗಲು ಲ್ಯಾಂಪನ್ನು ಕೊಂಡಿದ್ದು ಚಿತ್ರಕಲಾ ಪರಿಷತ್ತಿನ ಆವರಣದ ಕರಕುಶಲ ಮೇಳದಲ್ಲಿ. ತೊಗಲು ಗೊಂಬೆ ನಮ್ಮದೂ ಹೌದು. ಕೊಪ್ಪಳದ ಮೋರನಾಳದ ತೊಗಲು ಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿದ್ದು ಗೊತ್ತೇ ಇದೆ. ಆದರೆ ಲ್ಯಾಂಪಿನ ರೂಪದಲ್ಲಿ ಜಾಸ್ತಿ ಬರುವುದು ಗಡಿಯಾಚೆಯ ನಿಮ್ಮಲಕುಂಟದಿಂದ, ಆಂಧ್ರದ ಧರ್ಮಾವರದ ಹತ್ತಿರದ ಊರು. ಅಲ್ಲಿನ ದಳವಾಯಿ ಚಲಪತಿ ರಾವ್ ಅವರಿಗೂ 2020ರಲ್ಲಿ ಪದ್ಮಶ್ರೀ ಸಿಕ್ಕಿತ್ತು. ಮೇಕೆ ಚರ್ಮವನ್ನು ಹೆರೆದು ಹೆರೆದು ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ, ಚಿತ್ರ ಬರೆದು, ಒಡವೆ ಬರುವ ಕಡೆ ಸಣ್ಣ ಸಣ್ಣ ತೂತು ಕೊರೆದು, ತಂತಿಯ ಚೌಕಟ್ಟಿಗೆ ಬಿಗಿದು ಹೊಲಿಯುತ್ತಾರೆ. ಹಗಲು ನೋಡಿದರೆ ಏನೂ ಅನಿಸುವುದಿಲ್ಲ, ಸ್ವಲ್ಪ ಮಾಸಲು ಅಂತಲೇ ಅನಿಸುತ್ತದೆ. ಬಲ್ಬ್ ಹಾಕಿದಾಗ ನವಿಲಿನ ನೀಲಿ ಏಳುತ್ತದೆ, ತೂತುಗಳೆಲ್ಲ ಮುತ್ತಿನ ಸರ ಆಗುತ್ತವೆ. ಹಾಗಾಗಿ ಸ್ಟಾಲಿನಲ್ಲಿ ಕೊಳ್ಳುವಾಗ ಒಳಗೆ ಬಲ್ಬ್ ಹಚ್ಚಿಸಿ ನೋಡದೆ ತರಬೇಡಿ. ಮಳೆಗಾಲದಲ್ಲಿ ಚರ್ಮ ಸ್ವಲ್ಪ ಸಡಿಲವಾಗುತ್ತದೆ, ಒಂಥರಾ ವಾಸನೆಯೂ ಬರುತ್ತದೆ, ದಿನಾ ಸಂಜೆ ಸ್ವಲ್ಪ ಹೊತ್ತು ಹಚ್ಚಿಟ್ಟರೆ ಸರಿಹೋಗುತ್ತದೆ. ಚರ್ಮ ಅಂದರೆ ಆಗದವರ ಮನೆಗೆ ಇದು ಬೇಡ. ನಮ್ಮಲ್ಲೂ ಅದು ದೇವರ ಕೋಣೆಯಿಂದ ದೂರವೇ ಇದೆ.

ಊಟದ ಮೇಜಿನ ಮೇಲಿನ ದೀಪಕ್ಕೆ ಮೊದಲು ಶೋರೂಮ್‌ಗಳಲ್ಲಿ ಬೆತ್ತದ ಪೆಂಡೆಂಟ್, ಅಂದರೆ ತೂಗುದೀಪ ನೋಡಿದೆವು. ಒಂದು ಬುಟ್ಟಿಗೆ ಅಷ್ಟು ರೇಟಾ ಅಂತ ಯಜಮಾನರು ಜೋರಾಗಿಯೇ ಕೇಳಿದರು, ಸೇಲ್ಸ್ ಹುಡುಗಿ ನಕ್ಕಳು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಮೇದಾರರ ಹತ್ತಿರ ಹೋಗಿ ಒಂದು ಬಿದಿರಿನ ಮಂಕರಿ ತಂದು ಬೋರಲು ಹಾಕಿ, ತಳದಲ್ಲಿ ಹೋಲ್ಡರ್ ತೂರುವಷ್ಟು ಜಾಗ ಬಿಡಿಸಿದರೆ ಅದೇ ಪೆಂಡೆಂಟ್. ಹೆಣೆಯುವಾಗಲೇ ಹೇಳಿದರೆ ತೂತು ಬಿಟ್ಟೇ ಕೊಡುತ್ತಾರೆ, ಅಂಚೂ ಗಟ್ಟಿ ಬರುತ್ತದೆ. ನಮಗೆ ಮಂಕರಿ, ವೈರು, ಹೋಲ್ಡರು, ಬಲ್ಬು ಎಲ್ಲ ಸೇರಿ ಸಾವಿರದ ಒಳಗೇ ಮುಗಿಯಿತು. ಮೇಜಿನಿಂದ ಎರಡೂವರೆ ಅಡಿ ಎತ್ತರಕ್ಕೆ ಇಳಿಬಿಟ್ಟರೆ ಊಟದ ಮೇಲೆ ಬೆಳಕು ಬೀಳುತ್ತದೆ, ಎದುರಿಗೆ ಕೂತವರ ಮುಖವೂ ಕಾಣುತ್ತದೆ.

ಫ್ಯಾನಿನ ಕಾಟ ಇರುವುದು ಇಲ್ಲೇ. ಹೆಣಿಗೆ ದೀಪದ ಚೆಂದವೇ ಗೋಡೆ ಮೇಲೆ ಬೀಳೋ ನೆರಳಿನ ಬಲೆ. ಫ್ಯಾನ್ ಹಾಕಿದರೆ ಮಂಕರಿ ತೂಗುತ್ತದೆ, ಬಲೆಯೂ ತೂಗುತ್ತದೆ, ಸಾರಿನ ತಟ್ಟೆಯೊಳಗೂ ನೆರಳು ಓಡಾಡುತ್ತದೆ. ಮಾವನವರಿಗೆ ತಲೆ ಸುತ್ತಿ ಅವರು ತಟ್ಟೆ ಎತ್ತಿಕೊಂಡು ಟಿವಿ ಮುಂದೆ ಹೋದರು. ದೀಪ ಫ್ಯಾನಿನ ರೆಕ್ಕೆಗಿಂತ ಮೇಲಿದ್ದರೆ ಇನ್ನೂ ಕಷ್ಟ, ಇಡೀ ರೂಮೇ ಪಟಪಟ ಮಿನುಗುತ್ತದೆ. ವೈರಿನ ಬದಲು ಗಟ್ಟಿ ಪೈಪಿನಲ್ಲಿ ಇಳಿಸಿದ ಮೇಲೆ ತೂಗುವುದು ನಿಂತಿದೆ. ಬಲ್ಬೂ ಹಾಲುಗಾಜಿನದು ಹಾಕಿದೆವು, ನೆರಳಿನ ಅಂಚು ಮೆತ್ತಗಾಯಿತು. ಬಿದಿರು ಸರಿಯಾಗಿ ಒಣಗಿರದಿದ್ದರೆ ಕುಟ್ಟೆ ಹುಳ ಬಿದ್ದು ಮೇಜಿನ ಮೇಲೆ ಹಿಟ್ಟಿನಂಥ ಪುಡಿ ಉದುರುತ್ತದೆ, ಕೊಳ್ಳುವಾಗ ಒಮ್ಮೆ ತಟ್ಟಿ ನೋಡಿ. ಮಳೆ ಶುರುವಾದಾಗ ಈಸಲು ಹುಳದ ಗೋಳೂ ಇದೆ. ಅವುಗಳ ಹಿಂದೆ ಹಲ್ಲಿ. ಮಂಕರಿಯೊಳಗೆ ಹಲ್ಲಿ ಹೊಕ್ಕರೆ ಗೋಡೆ ಮೇಲೆ ಮೊಸಳೆ ಕಾಣುತ್ತದೆ, ಇದು ಯಾವ ಶೋರೂಮಿನಲ್ಲೂ ಸಿಗದ ಅಲಂಕಾರ.

ಸನ್‌ಸೆಟ್ ಲ್ಯಾಂಪ್, ಚಂದ್ರನ ಲ್ಯಾಂಪ್ ಇತ್ಯಾದಿಗಳ ಬಗ್ಗೆ ಹೇಳೋಕೆ ಏನೂ ಇಲ್ಲ. ಹುಟ್ಟುಹಬ್ಬಕ್ಕೆ ಯಾರೋ ಕೊಡುತ್ತಾರೆ, ಇನ್ನೊಂದು ಹುಟ್ಟುಹಬ್ಬಕ್ಕೆ ನಾವು ಯಾರಿಗೋ ಕೊಡುತ್ತೇವೆ. ಟಿವಿ ಹಿಂದೆ ಹಚ್ಚೋ ಎಲ್‌ಇಡಿ ಪಟ್ಟಿ ಪರವಾಗಿಲ್ಲ, ಆದರೆ ಪಟ್ಟಿಗಿಂತ ಮೊದಲು ಅದಕ್ಕೆ ಕರೆಂಟ್ ಕೊಡೋ ಡಬ್ಬಿ, ಅಂದರೆ ಡ್ರೈವರ್ ಹೋಗುತ್ತದೆ. ಅದನ್ನು ಕೈಗೆ ಸಿಗೋ ಕಡೆ ಇಡಿಸಿ, ಫಾಲ್ಸ್ ಸೀಲಿಂಗ್ ಒಳಗೆ ಹುಗಿಸಬೇಡಿ. ಹೊಳೆಯೋ ಟೈಲ್ಸ್ ಇದ್ದರೆ ಪಟ್ಟಿಯ ಚುಕ್ಕಿಗಳೆಲ್ಲ ನೆಲದಲ್ಲಿ ಎಣಿಸೋ ಹಾಗೆ ಕಾಣುತ್ತವೆ, ಮೇಲೊಂದು ಹಾಲುಬಣ್ಣದ ಮುಚ್ಚಳ ಹಾಕಿಸಿಕೊಳ್ಳಿ.

ಕಡೆಯದು ನಿಯಾನ್ ಬೋರ್ಡು. ಈಗಿನದರಲ್ಲಿ ಗಾಜೂ ಇಲ್ಲ, ಅನಿಲವೂ ಇಲ್ಲ, ಸಿಲಿಕೋನ್ ಕೊಳವೆಯೊಳಗೆ ಎಲ್‌ಇಡಿ ಪಟ್ಟಿ ಅಷ್ಟೇ. ಅಡುಗೆಮನೆ ಬಾಗಿಲ ಪಕ್ಕಕ್ಕೆ "ಕಾಫಿ ಆಯ್ತಾ?" ಅಂತ ಬರೆಸಿದೆವು. ಕನ್ನಡದ ದುಂಡು ಅಕ್ಷರಕ್ಕೆ ಈ ಕೊಳವೆ ಎಷ್ಟು ಚೆನ್ನಾಗಿ ಬಾಗುತ್ತದೆ ಅಂದರೆ, ಇಂಗ್ಲಿಷ್ ಬೋರ್ಡುಗಳು ಅದರ ಮುಂದೆ ಕಡ್ಡಿ ಜೋಡಿಸಿದ ಹಾಗೆ ಕಾಣುತ್ತವೆ. ಒತ್ತಕ್ಷರ ಮಾತ್ರ ಹುಷಾರು. ಬೋರ್ಡಿನವರು ಕಳಿಸಿದ ಮೊದಲ ನಮೂನೆಯಲ್ಲಿ ತ ಒತ್ತು ಕಳಚಿಕೊಂಡು ಪಕ್ಕದಲ್ಲಿ ನಿಂತಿತ್ತು. ಕೈಯಲ್ಲಿ ಬರೆದು ಫೋಟೋ ಕಳಿಸಿದೆವು, ಅದನ್ನೇ ನೋಡಿಕೊಂಡು ಬಗ್ಗಿಸಿದರು, ಅಕ್ಷರವೂ ನಮ್ಮದೇ ಆಯಿತು. ಕಿತ್ತಳೆ ಬಣ್ಣ ತಗೊಳ್ಳಿ, ನೀಲಿ ಬೇಡ, ನೀಲಿ ಹಾಕಿದರೆ ಮೆಡಿಕಲ್ ಸ್ಟೋರ್ ಅನಿಸುತ್ತದೆ. ದರ ಅಕ್ಷರದ ಲೆಕ್ಕದಲ್ಲಿ, ಒತ್ತಿಗೂ ಬೇರೆ ಲೆಕ್ಕ ಹಾಕುತ್ತಾರೆ. ಮುಂಬಾಗಿಲಿಗೆ "ಅತಿಥಿ ದೇವೋ ಭವ" ಅಂತ ಹಾಕಿಸಲೇಬೇಕು ಅಂತ ಕೂತಿದ್ದ ಯಜಮಾನರು ಕೊಟೇಶನ್ ನೋಡಿದ ಮೇಲೆ "ಬನ್ನಿ" ಅಂದರೂ ಸಾಕು ಅನ್ನುತ್ತಿದ್ದಾರೆ.