ಭಾನುವಾರದ ಬೆಣ್ಣೆ ದೋಸೆ ಹೋಟೆಲ್: ಐದಕ್ಕೆ ನಾಲ್ಕು

ದಾವಣಗೆರೆಯವಳು ಬೆಣ್ಣೆ ದೋಸೆ ಹೋಟೆಲಿನ ರಿವ್ಯೂ ಬರೆಯುತ್ತೇನೆ ಅಂದರೆ ಊರವರೇ ನಗುತ್ತಾರೆ. ಇಲ್ಲಿ ಓಣಿಗೊಂದು ಇದೆ, ಅವರವರಿಗೆ ಅವರವರ ಹೋಟೆಲೇ ಒರಿಜಿನಲ್ಲು. ನಾನು ಹೆಸರು ಹಾಕುವುದಿಲ್ಲ. ಹಾಕಿದರೆ ಭಾನುವಾರ ಬೆಳಿಗ್ಗೆ ನಮಗೇ ಜಾಗ ಸಿಗುವುದಿಲ್ಲ, ಸುಮ್ನೆ ಯಾಕೆ. ಮುಂದೆ ಬೇವಿನ ಮರ, ಒಳಗೆ ಆರೇ ಟೇಬಲ್ಲು, ಗೋಡೆ ಮೇಲೆ ಹೊಗೆ ಹಿಡಿದ ಕ್ಯಾಲೆಂಡರು. ಗೊತ್ತಿರುವವರಿಗೆ ಗೊತ್ತಾಗುತ್ತದೆ.

ನಾನು ಅಂಕ ಹಾಕುವ ರೀತಿ ಸ್ವಲ್ಪ ಬೇರೆ. ನನ್ನ ಮಗನಿಗೆ ಎಂಟು ವರ್ಷ. ಅವನಿಗೆ ಸಿಸ್ಟಿಕ್ ಫೈಬ್ರೋಸಿಸ್ ಇದೆ, ನಾವು ಸಿಎಫ್ ಅನ್ನುತ್ತೇವೆ. ಹುಟ್ಟಿನಿಂದಲೇ ಬರುವ ಜೀನಿನ ಕಾಯಿಲೆ. ನಮ್ಮ ನಿಮ್ಮ ಮೈಯೊಳಗಿನ ಲೋಳೆ ತೆಳ್ಳಗೆ ಹರಿದಾಡಿಕೊಂಡಿದ್ದರೆ ಇವನದು ಅಂಟು. ಶ್ವಾಸಕೋಶದಲ್ಲಿ ಕಫ ಕಚ್ಚಿಕೊಂಡು ಕೂರುತ್ತದೆ. ಮೇದೋಜೀರಕ ಗ್ರಂಥಿಯ ನಾಳ ಕಟ್ಟಿಕೊಂಡಿರುವುದರಿಂದ ತಿಂದ ಜಿಡ್ಡು ಅರಗುವುದಿಲ್ಲ, ತಿಂದಷ್ಟೂ ಹೊರಗೆ ಹೋಗುತ್ತದೆ. ಬೆವರಿನ ಜೊತೆ ಉಪ್ಪು ಸೋರುತ್ತದೆ. ಅದಕ್ಕೇ ನಮ್ಮ ಡಾಕ್ಟರು ಹೇಳುವುದು ಊರಿಗೆಲ್ಲ ಹೇಳುವುದರ ಉಲ್ಟಾ: ಬೆಣ್ಣೆ ಹಾಕಿ, ತುಪ್ಪ ಹಾಕಿ, ಉಪ್ಪು ಧಾರಾಳವಾಗಿ ಹಾಕಿ. ಅವನ ವಯಸ್ಸಿನ ಮಕ್ಕಳಿಗೆ ಬೇಕಾದ ಕ್ಯಾಲರಿಗಿಂತ ಇವನಿಗೆ ಜಾಸ್ತಿ ಬೇಕು, ಕೆಲವು ಸಿಎಫ್ ಮಕ್ಕಳಿಗೆ ಒಂದೂವರೆ ಪಟ್ಟೂ ಬೇಕಾಗುತ್ತದೆ. ಸ್ಕೂಲಿನಲ್ಲಿ ‘ಹೆಲ್ದಿ ಟಿಫಿನ್’ ಅಂತ ಚೀಟಿ ಕಳಿಸಿ ಎಣ್ಣೆ ಪದಾರ್ಥ ಬೇಡ ಅಂದಾಗ ನಾನು ಡಾಕ್ಟರ ಪತ್ರ ಹಿಡಿದು ಹೋಗಿ ಚಕ್ಕುಲಿಗೆ ಪರ್ಮಿಷನ್ ತಗೊಂಡು ಬಂದವಳು.

ಇನ್ನು ದೋಸೆ. ಹಿಟ್ಟಿಗೆ ಮಂಡಕ್ಕಿ ಹಾಕಿ ರುಬ್ಬಿದ್ದು, ಸೌದೆ ಒಲೆ, ಅಂಚು ಗರಿಗರಿ, ನಡುವೆ ಮೆತ್ತಗೆ. ಮೇಲೆ ಬೆಣ್ಣೆ ಉಂಡೆ ಕೂತಿರುತ್ತದೆ, ಟೇಬಲ್ಲಿಗೆ ಬರುವಷ್ಟರಲ್ಲಿ ಅರ್ಧ ಕರಗಿರುತ್ತದೆ. ಪಕ್ಕದಲ್ಲಿ ಅರಿಶಿನ ಇಲ್ಲದ ಬಿಳೀ ಆಲೂಗಡ್ಡೆ ಪಲ್ಯ, ತೆಳ್ಳಗಿನ ಕಾಯಿ ಚಟ್ನಿ. ಚಟ್ನಿ ಕೆಲವು ದಿನ ನೀರು ನೀರು, ಅದನ್ನು ಹೋಟೆಲ್ ಯಜಮಾನರಿಗೆ ಮುಖಕ್ಕೇ ಹೇಳಿದ್ದೇನೆ. ಖಾಲಿ ದೋಸೆಯೂ ಇದೆ, ನನ್ನ ಗಂಡನಿಗೆ ಅದೇ ಇಷ್ಟ. ಒಂದು ಬೆಣ್ಣೆ ದೋಸೆಗೆ 70 ರೂಪಾಯಿ. ಬೆಣ್ಣೆ ಜಾಸ್ತಿ ಹಾಕಿ ಅಂದರೆ ದುಡ್ಡು ಕೇಳುವುದಿಲ್ಲ, ಇದೇನಪ್ಪಾ ಅಂತ ಮುಖವನ್ನೂ ನೋಡುವುದಿಲ್ಲ. ಈ ಎರಡನೆಯದು ನನಗೆ ಮುಖ್ಯ.

ನಾನು ಮೊದಲು ನೋಡುವುದು ರುಚಿಯನ್ನಲ್ಲ, ಟೈಮಿಂಗನ್ನು. ಮಗ ಏನೇ ತಿಂದರೂ ಮೊದಲ ತುತ್ತಿನ ಜೊತೆ ಕ್ಯಾಪ್ಸೂಲ್ ನುಂಗಬೇಕು. ಅದರೊಳಗೆ ರಾಗಿ ಕಾಳಿನಂಥ ಸಣ್ಣ ಸಣ್ಣ ಗುಳಿಗೆ ಇರುತ್ತವೆ, ಅವನ ಗ್ರಂಥಿ ಕೊಡದ, ತಿಂದದ್ದನ್ನು ಅರಗಿಸುವ ಕಿಣ್ವವನ್ನು ಅವು ಕೊಡುತ್ತವೆ. ಅಗಿಯುವ ಹಾಗಿಲ್ಲ, ಪುಡಿ ಮಾಡುವ ಹಾಗಿಲ್ಲ, ಬಿಸಿ ಹಾಲಿಗೆ ಹಾಕುವ ಹಾಗಿಲ್ಲ. ಚಿಕ್ಕವನಿದ್ದಾಗ ಕ್ಯಾಪ್ಸೂಲ್ ಬಿಚ್ಚಿ ಬಾಳೆಹಣ್ಣಿನಲ್ಲಿ ಕಲಸಿ ಕೊಡುತ್ತಿದ್ದೆ, ಆಮೇಲೆ ಬಾಯಲ್ಲಿ ಕಾಳು ಉಳಿದಿದೆಯಾ ಅಂತ ಬೆರಳು ಹಾಕಿ ನೋಡುತ್ತಿದ್ದೆ, ಯಾಕೆಂದರೆ ಉಳಿದರೆ ವಸಡು ಹುಣ್ಣಾಗುತ್ತದೆ. ಇದರ ಕೆಲಸ ಸುಮಾರು ಅರ್ಧ ಮುಕ್ಕಾಲು ಗಂಟೆ. ಹೋಟೆಲಿಗೆ ಹೋಗಿ ಆರ್ಡರ್ ಕೊಟ್ಟ ಕೂಡಲೇ ನುಂಗಿಸಿ, ದೋಸೆ ಬರುವುದು ಅರ್ಧ ಗಂಟೆ ತಡವಾದರೆ, ಮಾತ್ರೆ ಹೋಯಿತು, ದುಡ್ಡೂ ಹೋಯಿತು, ಮಧ್ಯಾಹ್ನ ಹೊಟ್ಟೆನೋವು. ಎರಡನೇ ದೋಸೆ ತಡವಾಗಿ ಬಂದರೆ ಮತ್ತೆ ಕೊಡಬೇಕು. ಹಾಗಂತ ಕೈಗೆ ಬಂದಷ್ಟು ಕೊಡುವ ಹಾಗೂ ಇಲ್ಲ, ತೂಕಕ್ಕೆ ತಕ್ಕ ಮಿತಿ ಇದೆ, ಮೀರಿದರೆ ಕರುಳಿಗೆ ತೊಂದರೆ. ಒಂದು ಬೆಣ್ಣೆ ದೋಸೆಗೆ ಎಷ್ಟು, ಮಂಡಕ್ಕಿಗೆ ಎಷ್ಟು, ಮೆಣಸಿನಕಾಯಿ ಬಜ್ಜಿಗೆ ಎಷ್ಟು ಅಂತ ನನ್ನ ಬಳಿ ಲೆಕ್ಕದ ಪುಸ್ತಕ ಇದೆ. ಅದು ನನ್ನ ಮಗನ ಲೆಕ್ಕ. ನಿಮ್ಮ ಮಗುವಿನದು ನಿಮ್ಮ ಡಾಕ್ಟರು ಹೇಳಬೇಕು.

ಈ ಹೋಟೆಲಿನ ಸಪ್ಲೈಯರ್ ಹುಡುಗನಿಗೆ ಇದನ್ನು ಒಂದೇ ಸಲ ಹೇಳಿದ್ದು. ಅವತ್ತಿನಿಂದ ಕಾವಲಿ ಮೇಲೆ ನಮ್ಮ ದೋಸೆ ಬಿದ್ದಾಗ ದೂರದಿಂದಲೇ ಎರಡು ಬೆರಳು ಎತ್ತುತ್ತಾನೆ. ಎರಡು ನಿಮಿಷ ಅಂತ. ಮಗ ಮಾತ್ರೆ ಡಬ್ಬಿಯ ಮುಚ್ಚಳ ತೆಗೆಯುತ್ತಾನೆ. ಮೊದಲನೆಯದರಲ್ಲಿ ನಾಲ್ಕು ತುತ್ತು ಉಳಿದಿರುವಾಗಲೇ ಎರಡನೆಯದು ಬಂದಿರುತ್ತದೆ. ಬೆಂಗಳೂರಿನ ಎಷ್ಟೋ ದೊಡ್ಡ ಹೋಟೆಲಿನಲ್ಲಿ, ಕೈಕಟ್ಟಿ ನಿಂತ ನಾಲ್ಕು ಜನ ವೇಟರ್ ಇದ್ದರೂ, ಇಂಥ ಸರ್ವಿಸ್ ನಾನು ಕಂಡಿಲ್ಲ.

ಮೊದಲ ಸಲ ಹೋದಾಗ ನನಗೆ ಅಳುಕಿತ್ತು. ಎದುರು ಟೇಬಲ್ಲಿನ ಹೆಂಗಸು ಕ್ಯಾಪ್ಸೂಲ್ ನೋಡಿ, ಆಮೇಲೆ ಮಗನ ತೆಳ್ಳಗಿನ ಕೈ ನೋಡಿ, ‘ಪಾಪ, ಏನಾಗಿದೆ ಮಗೂಗೆ’ ಅಂದರು. ಈ ‘ಪಾಪ’ ಇದೆಯಲ್ಲ, ಇದರಷ್ಟು ನನ್ನನ್ನು ಸುಸ್ತು ಮಾಡುವ ಪದ ಬೇರೆ ಇಲ್ಲ. ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ, ಗೊತ್ತು. ಆದರೆ ಮಗನ ಎದುರಿಗೇ ಹೇಳುತ್ತಾರೆ, ಅವನಿಗೆ ಕಿವಿ ಇಲ್ಲವೇನೋ ಅನ್ನುವ ಹಾಗೆ. ಆಗ ಗಲ್ಲಾದಲ್ಲಿ ಕೂತ ಯಜಮಾನರು ಕೇಳಿದರು, ‘ಏನವ್ವಾ, ಮಗೀಗೆ ಹುಷಾರಿಲ್ಲೇನು?’ ನಾನು, ‘ಆರಾಮಿದಾನ್ರಿ, ಬೆಣ್ಣೆ ಅರಗಕ್ಕೆ ಮಾತ್ರೆ ಬೇಕು ಅಷ್ಟೇ’ ಅಂದೆ. ಅವರು, ‘ಹಂಗಾದ್ರೆ ನನಗೂ ಎರಡು ಕೊಡಪ್ಪಾ, ನನಗೂ ಇತ್ತೀಚೆಗೆ ಅರಗ್ತಿಲ್ಲ’ ಅಂತ ಮಗನ ಮುಂದೆ ಕೈ ಚಾಚಿದರು. ಅವನು ಗಂಭೀರವಾಗಿ, ‘ಅಜ್ಜಾ, ಇದು ಡಾಕ್ಟರ್ ಬರೆದು ಕೊಟ್ರೆ ಮಾತ್ರ’ ಅಂದ. ಎದುರು ಟೇಬಲ್ಲಿನ ಹೆಂಗಸೂ ನಕ್ಕರು. ಅಲ್ಲಿಂದ ನಮಗೆ ಬೇರೆ ಹೋಟೆಲ್ ಇಲ್ಲ.

ಬೇರೆ ಕಡೆ ಆಗಿದ್ದನ್ನೂ ಹೇಳಬೇಕು. ಒಂದು ಎಸಿ ಹೋಟೆಲಿನಲ್ಲಿ ಮಗ ಕೆಮ್ಮುವುದನ್ನು ನೋಡಿ ಮ್ಯಾನೇಜರ್ ಬಂದು, ‘ಮೇಡಂ, ಬೇರೆ ಗಿರಾಕಿಗಳಿಗೆ ತೊಂದರೆ, ಪಾರ್ಸಲ್ ತಗೊಂಡು ಹೋಗ್ತೀರಾ’ ಅಂದರು. ಸಿಎಫ್ ಕೆಮ್ಮು ಆರೋಗ್ಯವಾಗಿರುವವರಿಗೆ ಅಂಟುವ ಕೆಮ್ಮಲ್ಲ. ನಿಜ ಹೇಳಬೇಕೆಂದರೆ ಭಯ ಇರಬೇಕಾದದ್ದು ನಮಗೆ. ಪಕ್ಕದ ಟೇಬಲ್ಲಿನವರ ಸಣ್ಣ ನೆಗಡಿ ಇವನಿಗೆ ಬಂದರೆ ಎರಡು ವಾರದ ಆಸ್ಪತ್ರೆ ಆಗಬಹುದು. ಇಷ್ಟನ್ನು ಅವರಿಗೆ ವಿವರಿಸಲು ಅವತ್ತು ನನಗೆ ಆಗಲಿಲ್ಲ, ಎದ್ದು ಬಂದೆ. ಈಗಾದರೆ ಕೂತು ತಿಂದೇ ಬರುತ್ತೇನೆ.

ಬೇಸಿಗೆಯಲ್ಲಿ ಇಲ್ಲಿ ಮಜ್ಜಿಗೆ ಇರುತ್ತದೆ. ಮಗನ ಲೋಟಕ್ಕೆ ಕೇಳದೆಯೇ ಉಪ್ಪು ಜಾಸ್ತಿ ಬೀಳುತ್ತದೆ. ಏಪ್ರಿಲ್‌ನಲ್ಲಿ ನಮ್ಮೂರಿನ ಸೆಕೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಇವನ ಕಾಯಿಲೆ ಸಿಕ್ಕಿಬಿದ್ದದ್ದೂ ಆ ಸೆಕೆಯಲ್ಲೇ. ಏಳು ತಿಂಗಳ ಕೂಸು, ಭೇದಿ ಇಲ್ಲ, ಆದರೂ ಒಣಗಿ ಬಾಡಿ ಹೋದ. ಡ್ರಿಪ್ ಹಾಕಿದರು, ಸೋಡಿಯಂ ಪೊಟ್ಯಾಸಿಯಂ ಎರಡೂ ಕೆಳಗೆ. ಮುಂದಿನ ತಿಂಗಳು ಮತ್ತೆ ಅದೇ. ನಡುವೆ ಮೂರು ಸಲ ನ್ಯುಮೋನಿಯಾ. ಒಂದು ಕಡೆ ಟಿಬಿ ಅಂತ ತಿಂಗಳುಗಟ್ಟಲೆ ಔಷಧಿ ಕೊಟ್ಟರು. ಇನ್ನೊಂದು ಕಡೆ ನಾನೇ ಇಂಟರ್ನೆಟ್ಟಿನಲ್ಲಿ ಓದಿ ಸಿಎಫ್ ಅಂತ ಕೇಳಿದ್ದಕ್ಕೆ, ‘ಅದು ಬಿಳಿಯರ ಕಾಯಿಲೆ ಕಣಮ್ಮಾ, ನಮ್ಮಲ್ಲಿ ಬರಲ್ಲ’ ಅಂದರು. ಬರುತ್ತದೆ. ಕಡಿಮೆ, ಆದರೆ ಬರುತ್ತದೆ, ಹುಡುಕದೆ ಇರುವುದರಿಂದ ಇನ್ನೂ ಕಡಿಮೆ ಕಾಣುತ್ತದೆ. ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ‘ಮುತ್ತು ಕೊಟ್ಟಾಗ ಮಗು ಉಪ್ಪುಪ್ಪಾಗಿರುತ್ತಾ?’ ನನಗೆ ಮೈ ಜುಂ ಅಂತು. ಹುಟ್ಟಿದಾಗಿಂದ ಹಾಗೇ ಇತ್ತು, ಎಲ್ಲ ಮಕ್ಕಳೂ ಹಾಗೇ ಇರುತ್ತಾರೆ ಅಂದುಕೊಂಡಿದ್ದೆ, ನನ್ನ ಮೊದಲ ಮಗು ಅಲ್ವಾ.

ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ ಹೋಗಿ ಬೆವರಿನ ಟೆಸ್ಟ್ ಮಾಡಿಸಿದೆವು. ಬೆವರಿನಲ್ಲಿ ಉಪ್ಪಿನ ಅಂಶವಾದ ಕ್ಲೋರೈಡ್ 60 ದಾಟಿದರೆ ಸಿಎಫ್ ಅನ್ನುತ್ತಾರೆ, ಇವನದು 98. 1948ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಸೆಕೆ ಮಿತಿಮೀರಿದಾಗ ಹೀಗೇ ಒಣಗಿ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಸಿಎಫ್ ಮಕ್ಕಳೇ ತುಂಬಾ ಇದ್ದರಂತೆ. ಪಾಲ್ ಡಿ ಸ್ಯಾಂಟ್ ಆಗ್ನೀಸ್ ಅನ್ನುವ ಡಾಕ್ಟರಿಗೆ ಬೆವರಿನ ಮೇಲೆ ಅನುಮಾನ ಬಂದದ್ದು ಆಗ. ಅದರಿಂದಲೇ ಮುಂದೆ ಈ ಟೆಸ್ಟ್ ಬಂತು. ಅಲ್ಲಿನ ಸೆಕೆಗೂ ದಾವಣಗೆರೆಯ ಏಪ್ರಿಲ್ಲಿಗೂ ನನ್ನ ತಲೆಯಲ್ಲಿ ಏನೋ ನಂಟು ಇದೆ. ಉಪ್ಪು ಹಾಕಿದ ಮಜ್ಜಿಗೆ ಲೋಟ ಟೇಬಲ್ಲಿಗೆ ಬಂದಾಗಲೆಲ್ಲ ನೆನಪಾಗುತ್ತದೆ.

ಭಾನುವಾರ ಅತ್ತೆಯೂ ನಮ್ಮ ಜೊತೆ ಬರುತ್ತಾರೆ. ಇದು ಸಣ್ಣ ವಿಷಯ ಅಲ್ಲ. ಸಿಎಫ್ ಬರಬೇಕಾದರೆ ತಂದೆ ತಾಯಿ ಇಬ್ಬರಲ್ಲೂ ಕೆಟ್ಟ ಜೀನಿನ ಒಂದೊಂದು ಪ್ರತಿ ಇರಬೇಕು, ಆಗ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಸಾಮಾನ್ಯವಾಗಿ ನಮ್ಮಲ್ಲಿ ಏನಾಗುತ್ತದೆ ಅಂದರೆ ಎಲ್ಲ ತಪ್ಪೂ ಸೊಸೆಯ ತವರಿನದು. ನಮ್ಮ ಮನೆಯಲ್ಲಿ ಅದಕ್ಕೆ ದಾರಿಯೇ ಇರಲಿಲ್ಲ. ನಾನು ಮದುವೆಯಾದದ್ದು ಸೋದರತ್ತೆಯ ಮಗನನ್ನು, ನನ್ನ ತವರೇ ಅತ್ತೆಯ ತವರು. ‘ನಿಮ್ಮ ವಂಶದಿಂದ ಬಂದದ್ದು’ ಅಂತ ಬಾಯಿ ತೆರೆದ ಅತ್ತೆ ತಾವೇ ತಡೆದು ನಿಂತರು, ನಾನು ನಕ್ಕೆ, ಆಮೇಲೆ ಇಬ್ಬರೂ ಅತ್ತೆವು. ರಕ್ತಸಂಬಂಧದ ಮದುವೆಯಲ್ಲಿ ಇಂಥ ಕಾಯಿಲೆಗೆ ಅವಕಾಶ ಜಾಸ್ತಿ ಅಂತ ಯಾರೂ ನಮಗೆ ಮೊದಲು ಹೇಳಿರಲಿಲ್ಲ, ಹೇಳಿದ್ದರೂ ಕೇಳುತ್ತಿದ್ದೆವೋ ಇಲ್ಲವೋ.

ಇನ್ನೊಂದು, ಆ ಕ್ಯಾಪ್ಸೂಲಿನ ಕಿಣ್ವ ತೆಗೆಯುವುದು ಹಂದಿಯ ಗ್ರಂಥಿಯಿಂದ. ನಮ್ಮದು ಮೊಟ್ಟೆಯನ್ನೂ ಹೊಸ್ತಿಲೊಳಗೆ ತರದ ಮನೆ. ಅತ್ತೆಗೆ ಹೇಳಲೋ ಬೇಡವೋ ಅಂತ ಒಂದು ತಿಂಗಳು ಒದ್ದಾಡಿದೆ. ಹೇಳಿದ ದಿನ ಅವರು ಏನೂ ಮಾತಾಡಲಿಲ್ಲ. ಡಬ್ಬಿಯನ್ನು ದೇವರ ಮನೆ ಪಕ್ಕದ ಗೂಡಿನಿಂದ ತೆಗೆದು ಅಡುಗೆಮನೆ ಕಪಾಟಿಗೆ ಇಟ್ಟರು. ಮರುದಿನ ಊಟಕ್ಕೆ ಮೊದಲು ತಾವೇ ತಂದು ಅವನ ಕೈಗೆ ಕೊಟ್ಟರು. ಈಗ ಹೋಟೆಲಿಗೆ ಹೋಗುವಾಗ ಡಬ್ಬಿ ಅವರ ಚೀಲದಲ್ಲೇ ಇರುತ್ತದೆ, ಪ್ಯೂರ್ ವೆಜ್ ಬೋರ್ಡಿನ ಕೆಳಗೆ ಕೂತು ಎಣಿಸಿ ಕೊಡುತ್ತಾರೆ.

ಭಾನುವಾರ ಬೆಳಿಗ್ಗೆ ಹೋಟೆಲಿಗೆ ಹೊರಡುವುದೂ ಸುಲಭ ಅಲ್ಲ. ಆರಕ್ಕೆ ಏಳಬೇಕು. ನೆಬ್ಯುಲೈಜರ್, ಅದರಲ್ಲಿ ಉಪ್ಪುನೀರಿನ ಔಷಧಿ, ಆಮೇಲೆ ಬೆನ್ನು ತಟ್ಟಿ ಕಫ ಸಡಿಲ ಮಾಡುವುದು, ಹಫ್ ಹಫ್ ಅಂತ ಊದಿಸುವುದು. ಇದೆಲ್ಲ ಖಾಲಿ ಹೊಟ್ಟೆಯಲ್ಲೇ ಆಗಬೇಕು, ತಿಂದ ಮೇಲೆ ಮಾಡಿದರೆ ತಿಂದದ್ದೆಲ್ಲ ಹೊರಗೆ. ವಾರದ ಆರು ದಿನ ಇದಕ್ಕೆ ನಮಗೂ ಅವನಿಗೂ ಜಗಳ. ಭಾನುವಾರ ಮಾತ್ರ ತಾನೇ ಬಂದು ಮೆಷಿನ್ ಮುಂದೆ ಕೂರುತ್ತಾನೆ, ಕಾರಣ ಎಂಟು ಗಂಟೆಯ ದೋಸೆ.

ಒಂದು ಅಂಕ ಯಾಕೆ ಕಳೆದೆ ಅಂದರೆ, ಹೊಗೆ. ಸೌದೆ ಒಲೆಯ ರುಚಿ ಬೇಕು, ಹೊಗೆ ಬೇಡ ಅಂದರೆ ಆಗುತ್ತದಾ? ಆಗುವುದಿಲ್ಲ. ಇವನ ಶ್ವಾಸಕೋಶಕ್ಕೆ ಹೊಗೆ ಒಳ್ಳೆಯದಲ್ಲ, ಅದಕ್ಕೇ ನಾವು ಬಾಗಿಲ ಪಕ್ಕದ ಟೇಬಲ್ಲಿನಲ್ಲೇ ಕೂರುವುದು. ಗಾಳಿ ಒಳಮುಖ ಇದ್ದ ದಿನ ಪಾರ್ಸಲ್. ಪಾರ್ಸಲ್ ದೋಸೆ ಮೆತ್ತಗಾಗಿ ಚರ್ಮದ ಹಾಗೆ ಆಗಿರುತ್ತದೆ, ಅದಕ್ಕೆ ಐದಕ್ಕೆ ಎರಡು ಕೊಡಬಹುದು.

ಕೈ ತೊಳೆಯುವ ಬೇಸಿನ್ನೂ ಸುಮಾರು. ಯಾವಾಗಲೂ ಒದ್ದೆ, ಕೆಳಗೆ ಪಾಚಿ. ಸಿಎಫ್ ಮಕ್ಕಳ ಅಮ್ಮಂದಿರಿಗೆ ಒಂದು ಹೆಸರು ಕೇಳಿದರೆ ನಿದ್ದೆ ಹೋಗುತ್ತದೆ: ಸ್ಯೂಡೋಮೋನಾಸ್. ನೀರು ನಿಂತಲ್ಲಿ, ಮೋರಿಯಲ್ಲಿ, ಒದ್ದೆ ಜಾಗದಲ್ಲಿ ಇರುವ ಬ್ಯಾಕ್ಟೀರಿಯಾ, ಇವರ ಶ್ವಾಸಕೋಶದಲ್ಲಿ ಒಮ್ಮೆ ತಳವೂರಿದರೆ ಓಡಿಸುವುದು ಕಷ್ಟ. ನಾವು ಸ್ಯಾನಿಟೈಜರ್, ನಮ್ಮದೇ ನೀರಿನ ಬಾಟಲ್ ಒಯ್ಯುತ್ತೇವೆ. ಒದ್ದೆ ತಟ್ಟೆ ಬೇಡ ಅಂದಾಗ ಹುಡುಗ ಪ್ರೀತಿಯಿಂದ ಹೆಗಲ ಮೇಲಿನ ಬಟ್ಟೆಯಲ್ಲಿ ಒರೆಸಿ ಕೊಡಲು ಬಂದ, ಆ ಬಟ್ಟೆ ನೋಡಿ ನಾನು ಬೆಚ್ಚಿಬಿದ್ದೆ. ಈಗ ನಮಗೆ ಮುತ್ತುಗದ ಎಲೆಯಲ್ಲಿ ಕೊಡುತ್ತಾರೆ.

ಅಮೆರಿಕದಲ್ಲಿರುವ ಮೈದುನ ಆಗಾಗ ಟ್ರೈಕಾಫ್ಟಾ ಅನ್ನುವ ಸಿಎಫ್ ಔಷಧಿಯ ಸುದ್ದಿ ಕಳಿಸುತ್ತಾನೆ. 2019ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು, ತಗೊಂಡವರ ಬದುಕೇ ಬದಲಾಗಿದೆ. ಎಲ್ಲ ಬಗೆಯ ಜೀನ್ ದೋಷಕ್ಕೂ ಕೆಲಸ ಮಾಡುವುದಿಲ್ಲ, ಬೆಲೆ ವರ್ಷಕ್ಕೆ 3 ಲಕ್ಷ ಡಾಲರಿಗೂ ಮೇಲೆ. ಓದುತ್ತೇನೆ, ಫೋನ್ ಕೆಳಗಿಡುತ್ತೇನೆ, ನೆಬ್ಯುಲೈಜರ್ ಕಪ್ ತೊಳೆಯಲು ಹೋಗುತ್ತೇನೆ.

ಈ ಹೋಟೆಲನ್ನು ನಾನು ಹರಿಹರದ ಕಡೆಯ ಒಬ್ಬ ತಾಯಿಗೆ ಹೇಳಿದೆ. ಅವರ ಮಗಳಿಗೂ ಸಿಎಫ್, ಒಂಬತ್ತು ವರ್ಷ. ನಾವಿಬ್ಬರೂ ವಾರಕ್ಕೆ ಮೂರು ಸಲ ಫೋನಿನಲ್ಲಿ ಮಾತಾಡುತ್ತೇವೆ, ಮಕ್ಕಳು ಮಾತ್ರ ಒಂದು ಸಲವೂ ಭೇಟಿಯಾಗಿಲ್ಲ. ಸಿಎಫ್ ಇರುವ ಇಬ್ಬರು ಹತ್ತಿರ ಬರುವ ಹಾಗಿಲ್ಲ, ಒಬ್ಬರ ಶ್ವಾಸಕೋಶದ ಬ್ಯಾಕ್ಟೀರಿಯಾ ಇನ್ನೊಬ್ಬರಿಗೆ ಹೋಗುತ್ತದೆ. ಅದಕ್ಕೇ ಅವರು ಶನಿವಾರ, ನಾವು ಭಾನುವಾರ. ಸಪ್ಲೈಯರ್ ಹುಡುಗನಿಗೆ ಈ ವಿಷಯವೂ ಗೊತ್ತು. ಕಳೆದ ವಾರ ಮಗ ಎರಡನೇ ದೋಸೆ ಮುಗಿಸಿ ಸಾಕು ಅಂತ ಎಲೆ ಮಡಚಲು ಹೋದ. ಹುಡುಗ ಟೇಬಲ್ ಒರೆಸುತ್ತಾ ಸುಮ್ನೆ ಅನ್ನುವ ಹಾಗೆ, ‘ನಿನ್ನೆ ಆ ಪಾಪು ಮೂರು ತಿಂದ್ಲು’ ಅಂದ.

ಮಗ ಎಲೆ ಬಿಡಿಸಿದ. ಅತ್ತೆ ಚೀಲದಲ್ಲಿ ಡಬ್ಬಿ ಹುಡುಕಿದರು.