ಯುರೋಲಿಥಿನ್ ಎ ಕ್ಯಾಪ್ಸೂಲ್: ಸೈನ್ಸ್ ಸರಿ, ಡಬ್ಬದ ಮಾತು ಜಾಸ್ತಿ (5ಕ್ಕೆ 3 ಸ್ಟಾರ್)

ಬ್ರ್ಯಾಂಡ್ ಹೆಸರು ಬೇಡ ಬಿಡಿ. ಕೋಶಕ್ಕೆ ಶಕ್ತಿ ಕೊಡೋ ಮೈಟೋಕಾಂಡ್ರಿಯಾಗಳಲ್ಲಿ ಕೆಟ್ಟಿರೋದನ್ನ ಕ್ಲೀನ್ ಮಾಡಿಸುತ್ತೆ ಅಂತ ಮಾರೋ ಸಪ್ಲಿಮೆಂಟ್ ಇದು. ಡಬ್ಬದ ಮೇಲೆ ದೊಡ್ಡದಾಗಿ 'ನೊಬೆಲ್ ಪಡೆದ ವಿಜ್ಞಾನ' ಅಂತಿದೆ. 2016ರಲ್ಲಿ ಯೋಶಿನೋರಿ ಒಸುಮಿ ಅವ್ರಿಗೆ ಆಟೋಫಜಿ (ಕೋಶ ತನ್ನ ಭಾಗಗಳನ್ನ ತಾನೇ ಕರಗಿಸ್ಕೊಳ್ಳೋದು) ಮೇಲಿನ ಕೆಲಸಕ್ಕೇ ನೊಬೆಲ್ ಬಂದಿದ್ದು ನಿಜ, ಆದ್ರೆ ಅವ್ರು ನೋಡಿದ್ದು ಯೀಸ್ಟ್‌ನಲ್ಲಿ, ಉಪವಾಸ ಕೆಡವಿದ ಯೀಸ್ಟ್ ಕೋಶ ತನ್ನೊಳಗಿನ ಸಾಮಾನನ್ನೇ ಹೇಗೆ ಕರಗಿಸ್ಕೊಳ್ಳುತ್ತೆ, ಅದಕ್ಕೆ ಯಾವ್ಯಾವ ಜೀನ್ ಬೇಕು ಅಂತ. ಈ ಕ್ಯಾಪ್ಸೂಲಿಗೂ ಆ ಪ್ರಶಸ್ತಿಗೂ ಏನ್ ಸಂಬಂಧ ಸ್ವಾಮಿ?

ಒಳಗಿರೋ ಚೀಟಿ ಮಾತ್ರ ಸೂಪರ್, ಯಾರೋ ಓದ್ಕೊಂಡೋರೇ ಬರೆದಿದಾರೆ. ಪಿಂಕ್1 ಅನ್ನೋ ಪ್ರೋಟೀನು ಚೆನ್ನಾಗಿರೋ ಮೈಟೋಕಾಂಡ್ರಿಯಾ ಒಳಗೆ ಹೋಗಿ ತುಂಡಾಗಿಬಿಡುತ್ತೆ, ಕೆಟ್ಟಿರೋದ್ರಲ್ಲಿ ಪೊರೆಯ ವೋಲ್ಟೇಜ್ ಬಿದ್ದೋಗಿರೋದ್ರಿಂದ ಒಳಗೆ ಹೋಗಕ್ಕಾಗದೆ ಹೊರಗೇ ಗುಂಪಾಗಿ ನಿಲ್ಲುತ್ತೆ, ಆಮೇಲೆ ಪಾರ್ಕಿನ್ ಅನ್ನೋ ಇನ್ನೊಂದು ಪ್ರೋಟೀನ್‌ನ ಎಳ್ಕೊಂಡು ಬರುತ್ತೆ, ಅದು ಯುಬಿಕ್ವಿಟಿನ್ ಅನ್ನೋ ಗುರುತಿನ ಚಿಕ್ಕ ಪ್ರೋಟೀನ್ ಅಂಟಿಸುತ್ತೆ, ಆ ಗುರುತು ಹಿಡಿದು ಇನ್ನೊಂದು ಪೊರೆ ಬಂದು ಸುತ್ಕೊಂಡು ಲೈಸೋಸೋಮ್‌ಗೆ (ಕೋಶದ ಕಸ ಕರಗಿಸೋ ಚೀಲ) ಸಾಗಿಸುತ್ತೆ. ಪಿಂಕ್1, ಪಾರ್ಕಿನ್ ಎರಡರ ಜೀನಲ್ಲಿ ಯಾವುದಾದ್ರೂ ಕೆಟ್ಟಿದ್ರೆ ಚಿಕ್ಕ ವಯಸ್ಸಲ್ಲೇ ಪಾರ್ಕಿನ್ಸನ್ ಅನ್ನೋ ಮೆದುಳಿನ ಕಾಯಿಲೆ ಬರಬಹುದು ಅನ್ನೋದೂ ಗಟ್ಟಿ ವಿಷಯನೇ. ಅಷ್ಟಕ್ಕೇ ಡಬ್ಬದ ಮೇಲೆ 'ಮೆದುಳಿಗೆ ರಕ್ಷಣೆ' ಅಂತ ಹಾಕ್ಬಿಟ್ರೆ? ಒಂದು ಸ್ಟಾರ್ ಕಟ್.

ದಾಳಿಂಬೆ, ಅಕ್ರೋಟು ತಿಂದಾಗ ಕರುಳಿನ ಬ್ಯಾಕ್ಟೀರಿಯಾ ಯುರೋಲಿಥಿನ್ ಎ ಮಾಡುತ್ತೆ, ಎಲ್ಲರ ಹೊಟ್ಟೇಲೂ ಆಗಲ್ಲ, ಹಾಗಾಗಿ ಕ್ಯಾಪ್ಸೂಲ್ ಮಾಡಿದ್ರಲ್ಲಿ ಅರ್ಥ ಇದೆ. ಆದ್ರೆ 2022ರ ಟ್ರಯಲ್ ನೋಡಿ, 65 ದಾಟಿದ 66 ಜನ, ಅರ್ಧ ಜನಕ್ಕೆ ದಿನಕ್ಕೆ 1000 ಮಿಗ್ರಾಂ, ಉಳಿದೋರಿಗೆ ಡಮ್ಮಿ, 4 ತಿಂಗಳು. ಕೈಕಾಲಿನ ಸ್ನಾಯು ಸುಸ್ತಾಗದೆ ಕೆಲಸ ಮಾಡೋದು ಸುಧಾರಿಸ್ತು, 6 ನಿಮಿಷದಲ್ಲಿ ಎಷ್ಟು ದೂರ ನಡೀತಾರೆ ಅನ್ನೋ ಮುಖ್ಯ ಅಳತೇಲಿ ಮಾತ್ರ ಡಮ್ಮಿಗಿಂತ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಇಲ್ಲ. ಚೀಟೀಲಿ ಮೊದಲನೇದು ದಪ್ಪ ಅಕ್ಷರದಲ್ಲಿದೆ, ಎರಡನೇದು ಹುಡುಕಿದ್ರೂ ಸಿಗಲ್ಲ.

ನನಗೆ ಹೊಟ್ಟೆ ಏನೂ ಕೆಡ್ಲಿಲ್ಲ, ವಾಸನೆ ಇಲ್ಲ, ನುಂಗೋಕೆ ಸುಲಭ. ಮೆಟ್ಟಿಲು ಹತ್ತೋವಾಗ ಸ್ವಲ್ಪ ಹಗುರ ಅನ್ನಿಸ್ತು, ಆದ್ರೆ ಅದೇ ಟೈಮಿಗೆ ವಾಕಿಂಗೂ ಶುರು ಮಾಡಿದ್ದೆ, ವ್ಯಾಯಾಮಕ್ಕೂ ಮೈಟೋಕಾಂಡ್ರಿಯಾ ಹೆಚ್ಚಾಗುತ್ತಲ್ಲ, ಕ್ರೆಡಿಟ್ ಯಾರಿಗೆ ಕೊಡೋಣ. ಆಟೋಫಜಿ ಎಷ್ಟಾಯ್ತು ಅಂತ ಲ್ಯಾಬಿಗೆ ಹೋಗಿ ಮಾಮೂಲಿ ಬ್ಲಡ್ ಟೆಸ್ಟ್ ಮಾಡಿಸ್ಕೊಳ್ಳೋ ಹಾಗೂ ಇಲ್ಲ.

ಕ್ಯಾನ್ಸರ್ ಟ್ರೀಟ್‌ಮೆಂಟಲ್ಲಿರೋರು ಡಾಕ್ಟರ್‌ನ ಕೇಳದೆ ಮುಟ್ಬೇಡಿ. ಕೆಲವು ಗಡ್ಡೆಗಳು ಬದುಕೋಕೇ ಆಟೋಫಜಿನ ಬಳಸ್ಕೊಳ್ತವೆ, ಅದನ್ನ ತಡೆಯೋಕೆ ಅಂತಾನೇ ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನೋ ಔಷಧಿ ಕೊಟ್ಟು ಟ್ರಯಲ್ ಮಾಡಿದಾರೆ. ಈ ಎಚ್ಚರಿಕೆ ಡಬ್ಬದಲ್ಲೆಲ್ಲೂ ಇಲ್ಲ, ಇನ್ನೊಂದು ಸ್ಟಾರ್ ಹೋಯ್ತು. ಹಾಂ, ಆರ್ಡರ್ ಮಾಡೋವಾಗ 'ಪ್ರತಿ ತಿಂಗಳು ಕಳಿಸಿ' ಅನ್ನೋದಕ್ಕೆ ತಾನಾಗೇ ಟಿಕ್ ಬಿದ್ದಿರುತ್ತೆ, ತೆಗೆದುಬಿಡಿ.